ಬಟ್ಟಲು ಖಾಲಿ ಕೊಡದ ಉಪದೇಶಿ

ಕುರುಗೋಡಿನ ಸಣ್ಣ ಚರ್ಚಿನ ಉಪದೇಶಿ ಸಮುವೇಲಪ್ಪನವರಿಗೆ ‘ನಂಬಿಕೆಯಿಂದಲೇ ನೀತಿವಂತರು’ ಎಂಬ ಮಾತು ಬಾಯಿಗೆ ಬಂದರೆ ಸಾಕು, ಮೈಯಲ್ಲಿ ಕರೆಂಟು ಹರಿದಂತಾಗುತ್ತದೆ. ‘ಈ ಒಂದು ಮಾತಿಗೆ ಹಿಂದ ಇಂಗ್ಲೆಂಡಿನ್ಯಾಗ ಬಿಷಪ್ಪರು ಬಡದಾಡ್ಯಾರ್ರಿ! ನಮ್ಮ ಪುಣ್ಯ ನೋಡಿ ಅಲ್ಲ, ಕ್ರಿಸ್ತನ್ನ ನೋಡಿ ದೇವರು ನಮ್ಮನ್ನ ನೀತಿವಂತರು ಅಂತಾನ. ಪುಕ್ಕಟ ಐತಿ, ಬರಿಗೈಲೆ ಬರ್ರಿ!’ ಎಂದು ಅವರು ಮೇಜು ಗುದ್ದಿದರೆ ಮೈಕು ಕುಣಿಯುತ್ತದೆ, ಮುಂದೆ ಕೂತವರ ಮಡಿಲಿನ ಕೂಸು ಎಚ್ಚರಾಗುತ್ತದೆ, ಪಕ್ಕದ ಮನೆಯ ಚನ್ನವೀರಮ್ಮನ ಒಲೆಯವರೆಗೂ ಸುವಾರ್ತೆ ಮುಟ್ಟುತ್ತದೆ. ಇಂಥವರು ಚನ್ನವೀರಮ್ಮ ಹುಗ್ಗಿ ಕೊಟ್ಟುಕಳಿಸಿದ ಬಟ್ಟಲನ್ನು ಮಾತ್ರ ಒಮ್ಮೆಯೂ ಖಾಲಿ ಹಿಂತಿರುಗಿಸಿದವರಲ್ಲ. ಊರ ರೂಢಿಯಂತೆ ಬೆಲ್ಲವನ್ನೋ ಬಾಳೆಹಣ್ಣನ್ನೋ ಇಟ್ಟೇ ಕೊಡುತ್ತಾರೆ. ಮೊನ್ನೆ ಆಕೆ ಬಟ್ಟಲಿಗೆಂದು ಬಂದು ನಿಂತಾಗ ಮನೆಯಲ್ಲಿ ಹಿಡಿ ಸಕ್ಕರೆಯೂ ಇರಲಿಲ್ಲ. ‘ಒಂದ್ನಿಮಿಷ ತಡೀರಿ ಚನ್ನವೀರಮ್ಮಾರ!’ ಎಂದು ಡಬ್ಬಿಗಳನ್ನೆಲ್ಲ ತಡಕಾಡಿ ಬೆವೆತುಹೋದರು. ಆಕೆ ನಕ್ಕಳು. ‘ಖಾಲೀನ ಕೊಡ್ರಿ ಉಪದೇಶಿಗಳ. ಪುಕ್ಕಟ ಐತಿ ಅಂತ ಮೈಕಿನ್ಯಾಗ ಅಷ್ಟು ಒದರ್ತೀರಿ, ನಿಮಗ ಇನ್ನೂ ನಂಬಿಕಿ ಬಂದಿಲ್ಲೇನು?’ ಎಂದು ಬಟ್ಟಲು ಇಸಿದುಕೊಂಡು ನಡೆದೇಬಿಟ್ಟಳು. ಮೇಜು ಗುದ್ದುವ ಆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಸಮುವೇಲಪ್ಪನವರು ಬಾಗಿಲಲ್ಲೇ ನಿಂತರು.