ಉಡಿ ತುಂಬಿದ ಮೇಲೆ

ನಮ್ಮ ಅತ್ತೆ ಜೀವಮಾನವಿಡೀ ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಂಡವರು. ಇಳಕಲ್ಲಿನ ನಮ್ಮ ಓಣಿಯಲ್ಲಿ ಅವರು ಯಾರಿಗಾದರೂ ಒರಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಬಾಯಿ ಅಂಥದ್ದಲ್ಲ, ಹಾಗಾಗಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಹೋದ ಬೇಸಿಗೆಯಲ್ಲಿ ಅವರಿಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ಕೈಕಾಲು ನೆಟ್ಟಗಾದವು, ನಾಲಿಗೆಯ ಹಿಡಿತ ಮಾತ್ರ ಹೋಯಿತು. ಮನಸ್ಸಿಗೆ ಬಂದದ್ದೆಲ್ಲ ಹೊರಗೆ.

ಪ್ರತಿ ಚಳಿಗಾಲ ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಿಂದ ಒಬ್ಬ ಹೆಂಗಸು ಸ್ವೆಟರ್ ಮಾರಲು ಬಂದು ನಮ್ಮ ಹೊರಗಿನ ಖೋಲಿಯಲ್ಲಿ ಇರುತ್ತಾಳೆ. ದೇಶ ಬಿಟ್ಟು ಓಡಿ ಬಂದವರು ಆಕೆಯ ಅಪ್ಪ, ಅವ್ವ. ಆಕೆ ಹುಟ್ಟಿದ್ದು ಇಲ್ಲೇ. ಮೊದಲ ಸಲ ಖೋಲಿ ಕೇಳಲು ಬಂದಾಗ ನಮ್ಮ ಮನೆಯಲ್ಲಿ ಸೋಮವಾರದ ವಚನ ಓದು ನಡೆದಿತ್ತು. ಬಂದ ಜನರೆದುರು ಅತ್ತೆ, ನಿಮ್ಮದೇ ಮನೆ ಅಂತ ತಿಳಿಯಿರಿ ಎಂದಿದ್ದರು.

ಈ ಸಲ ಆಕೆ ಗಂಟು ಇಳಿಸುತ್ತಿದ್ದಂತೆಯೇ, ಪಕ್ಕದ ಮನೆಯವರೆಲ್ಲ ಕಟ್ಟೆಯ ಮೇಲೆ ಕೂತಿರುವಾಗ, ಅತ್ತೆ ಅಂದರು: "ನೆಲಿ ಇಲ್ಲದ ಮಂದಿ ನೀವು. ನಮ್ಮ ಮನಿನ ಯಾಕ ಬೇಕು ನಿಮಗ?"

ನಾಚಿಕೆಯಿಂದ ನಾನು ಇಷ್ಟೇ ಇಷ್ಟಾದೆ. ಆಕೆ ಬೇರೆ ಖೋಲಿ ನೋಡಿಕೊಳ್ಳುತ್ತೇನೆಂದು ಗಂಟಿಗೆ ಕೈ ಹಾಕಿದಳು. ಅತ್ತೆ ಆಗ ನನ್ನ ಮೇಲೆ ರೇಗಿದರು. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುತ್ತೀಯಾ, ಉಡಿ ತುಂಬು ಎಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ ತಂದೆ. ಸೆರಗಿಲ್ಲದ ಆಕೆ ಸೊಂಟಕ್ಕೆ ಕಟ್ಟಿದ್ದ ಪಟ್ಟೆಪಟ್ಟೆಯ ಬಟ್ಟೆಯನ್ನೇ ಒಡ್ಡಿದಳು. ನೋಡಿದರೆ ಅತ್ತೆಯ ಕಣ್ಣಲ್ಲಿ ನೀರು. ಆ ಮಾತು ಖರೆಯೋ, ಈ ಕಣ್ಣೀರು ಖರೆಯೋ? ಎರಡೂ ಹಿಡಿತ ತಪ್ಪಿಯೇ ಬಂದಿದ್ದವು. ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆಕೆ ನನ್ನನ್ನು ಕೇಳಿದಳು: "ಉಡಿ ತುಂಬಿಸಿಕೊಂಡಾಕಿ ಆ ಮನಿ ಮಗಳು ಅಂತಾರ. ಅಕ್ಕಾರ, ನಾ ಇರಲೇನು, ಹೋಗಲೇನು?"

ಉತ್ತರ ಕೊಡುವ ಮೊದಲು ನಾನು ಕಟ್ಟೆಯ ಕಡೆ ನೋಡಿದೆ. ಅಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು.

"ಇರ್ರಿ" ಎಂದೆ.

ಅತ್ತೆ ನಕ್ಕರು. "ಮಂದಿ ಮಾರಿ ನೋಡಿ ಅಂದಿ. ನಾನೂ ಅವತ್ತ ವಚನದ ದಿನ ಹಂಗ ಅಂದಿದ್ನಿ."

ಆಕೆಗೆ ನಮ್ಮಷ್ಟೇ ಕನ್ನಡ ತಿಳಿಯುತ್ತದೆ. ಉಡಿಯ ಅಕ್ಕಿ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಖೋಲಿಗೂ ಹೋಗದೆ ರಸ್ತೆಗೂ ಇಳಿಯದೆ ನಿಂತುಬಿಟ್ಟಳು.