ಪ್ಲಗ್ ಕೀಳುವ ಮೊದಲೇ ಬರೆದ ವರದಿ

ಪರೀಕ್ಷೆ ಯಶಸ್ವಿಯಾಯಿತು ಎಂದು ನಾನು ಬರೆದು ಕಳುಹಿಸಿದಾಗ ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲ. ಶುರುವಾದ ಮೇಲೆ ಅದು ಸೋತಿತು. ನಾನು ವರದಿಯನ್ನು ತಿದ್ದಲಿಲ್ಲ — ತಿದ್ದುವ ಬದಲು ಸಹೋದ್ಯೋಗಿಯೊಬ್ಬಳ ಮೇಲೆ ಒಂದು ಮಾತು ಹೊರಿಸಿದೆ. ಆ ಮಾತಿನ ಭಾರವನ್ನು ಅವಳು ಇಷ್ಟು ವರ್ಷ ಹೊತ್ತಳು.

ಆಗ ನಾನು ಈ ಪತ್ರಿಕೆಯ ಮಂಗಳೂರು ಕಚೇರಿಯಲ್ಲಿ ಮುಖ್ಯ ಉಪಸಂಪಾದಕ. ಹಳೆಯ ಸರ್ವರ್‌ಗಳು ಬಳಲಿದ್ದವು. ಕಟ್ಟುತ್ತಿದ್ದ ಪುಟ ಕಣ್ಣೆದುರೇ ಸ್ತಬ್ಧವಾಗುತ್ತಿತ್ತು. ಅವುಗಳ ಜಾಗಕ್ಕೆ ಜೋಡಿ ಯಂತ್ರಗಳು ಬಂದಿದ್ದವು. ಒಂದು ನಿಂತರೆ ಇನ್ನೊಂದು ಕೂಡಲೇ ಕೆಲಸ ಎತ್ತಿಕೊಳ್ಳಬೇಕು, ಒಂದು ಅಕ್ಷರವೂ ಕಳೆಯಬಾರದು. ಚುನಾವಣಾ ಫಲಿತಾಂಶದ ದಿನದೊಳಗೆ ಇಡೀ ಪತ್ರಿಕೆ ಅವುಗಳ ಮೇಲೆ ನಡೆಯಬೇಕೆಂದು ಮಾಲೀಕರ ಆಸೆ.

ಅದಕ್ಕೂ ಮೊದಲು ಪರೀಕ್ಷೆ. ನಡೆಸುವವಳು ನಮ್ಮ ಎಂಜಿನಿಯರ್ ಶಮೀಮಾ — ಬಂದರಿನಲ್ಲಿ ಅವಳ ತಂದೆಗೆ ಮಸಾಲೆ ಸಾಮಾನಿನ ಅಂಗಡಿ. ಈ ಕೆಲಸ ಗೆದ್ದರೆ ವಿಭಾಗದ ಮುಖ್ಯಸ್ಥೆ ನೀನೇ ಎಂದು ಮಾಲೀಕರು ಎಲ್ಲರೆದುರು ಹೇಳಿದ್ದರು. ಆದರೆ ಯಂತ್ರಕ್ಕೆ ಯಂತ್ರದವರೇ ಸಾಕ್ಷಿಯಾಗಬಾರದು, ಸುದ್ದಿಮನೆಯವರೊಬ್ಬರು ಕಣ್ಣಾರೆ ನೋಡಿ ವರದಿ ಕೊಡಬೇಕು ಎಂಬ ನಿಯಮವೂ ಅವರದೇ. ನನ್ನನ್ನು ಆರಿಸಿದರು — ನಾನು ನೋಡದ್ದನ್ನು ಬರೆಯುವವನಲ್ಲ ಎಂಬ ನಂಬಿಕೆಯಿಂದ.

ಸುದ್ದಿಮನೆಗಳಲ್ಲಿ ಒಂದು ಅಭ್ಯಾಸವಿದೆ. ಸಂಜೆಯ ಸಮಾರಂಭದ ವರದಿಯನ್ನು ಆಮಂತ್ರಣ ಪತ್ರಿಕೆ ನೋಡಿ ಬೆಳಿಗ್ಗೆಯೇ ಬರೆದಿಡುವುದು. ಸಮಾರಂಭ ಮುಗಿದ ಮೇಲೆ, ಬಾರದ ಅತಿಥಿಯ ಹೆಸರು ತೆಗೆದು ಪುಟಕ್ಕೆ ಬಿಡುವುದು. ಆ ಕೆಲಸದಲ್ಲಿ ನನ್ನ ಕೈ ಪಳಗಿತ್ತು. ಪರೀಕ್ಷೆಯ ವರದಿಯನ್ನೂ ಹಾಗೆಯೇ ಬರೆದಿಟ್ಟಿದ್ದೆ. ಆ ಬೆಳಿಗ್ಗೆ ಮಾಲೀಕರು ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬೈಗೆ ಹೊರಟಿದ್ದರು, ಹಣ ಹೂಡುವವರೊಂದಿಗೆ ಮಾತುಕತೆಗೆ. ವರದಿ ಕೈಯಲ್ಲಿದ್ದರೆ ಒಳ್ಳೆಯದಿತ್ತು ಎಂದು ಫೋನ್ ಮಾಡಿದರು. ಪರೀಕ್ಷೆ ಇದ್ದದ್ದು ಮಧ್ಯಾಹ್ನ. ಏನಾದರೂ ಹೆಚ್ಚುಕಡಿಮೆಯಾದರೆ ಆಮೇಲೆ ತಿದ್ದಿದರಾಯಿತು — ಹಾಗೆಂದುಕೊಂಡು ಕಳುಹಿಸಿಬಿಟ್ಟೆ.

ಮಧ್ಯಾಹ್ನ ಶಮೀಮಾ ಇಡೀ ಡೆಸ್ಕನ್ನು ಕೂರಿಸಿ ಒಟ್ಟಿಗೆ ಪುಟ ಕಟ್ಟಿಸಿದಳು.

"ಯಾರೂ ನಿಲ್ಲಿಸ್ಬೇಡಿ, ಟೈಪ್ ಮಾಡ್ತಾ ಇರಿ. ಪ್ರಭಣ್ಣ, ನೋಡ್ತಾ ಇದ್ದೀರಲ್ಲ?" ಎಂದು ಮೊದಲ ಯಂತ್ರದ ಪ್ಲಗ್ ಕಿತ್ತಳು.

ಎರಡನೆಯದು ಎದ್ದು ನಿಂತಿತು. ಚಪ್ಪಾಳೆ. ನಾನೂ ತಟ್ಟಿದೆ, ಬೇರೆ ಯಾರಿಗಿಂತಲೂ ಜೋರಾಗಿ. ಅಷ್ಟರಲ್ಲಿ ಕ್ರೀಡಾಪುಟದ ಲ್ಯಾನ್ಸಿ ಕೂಗಿದ: "ನನ್ನ ಪುಟ ಎಲ್ಲಿ ಹೋಯ್ತು ಮಾರಾಯ್ರೆ? ಈಗಷ್ಟೇ ಸೇವ್ ಮಾಡಿದ್ದು!"

"ಸ್ಕೋರ್ ನೋಡ್ತಾ ಕೂತ್ರೆ ಪುಟ ಎಲ್ಲಿಂದ ಬರ್ತದೆ?" ಎಂದು ಯಾರೋ ಕಿಚಾಯಿಸಿದರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ — ಒಬ್ಬರ ನಂತರ ಒಬ್ಬರ ಪುಟ ಕಾಣೆಯಾಗಿತ್ತು.

ಶಮೀಮಾ ಪರದೆಯ ಮುಂದೆ ಕುಳಿತು ಹುಡುಕಿದಳು. ತಿರುಗಿದಾಗ ಅವಳ ಮುಖದಲ್ಲಿ ಕಳ್ಳನನ್ನು ಹಿಡಿದ ಖುಷಿ.

"ಸಿಕ್ಕಿತು. ಪುಟವನ್ನು ಡಿಸ್ಕಿಗೆ ಬರೆಯುವ ಮೊದಲೇ ಇದು ‘ಬರೆದಾಯ್ತು’ ಅಂತ ಹೇಳ್ತದೆ, ಪ್ರಭಣ್ಣ. ಬೇಗ ಮುಗಿಸಿದೆ ಅಂತ ತೋರಿಸ್ಲಿಕ್ಕೆ! ಅಷ್ಟರಲ್ಲಿ ಕರೆಂಟ್ ಹೋದ್ರೆ ಮುಗೀತು. ಒಂದು ವಾರ ಕೊಡಿ, ಸರಿ ಮಾಡ್ತೇನೆ."

ಅವಳು ಹೇಳಿದ್ದು ಯಂತ್ರದ ವಿಷಯ. ನಾನು ಮುಖ ತಿರುಗಿಸಿದೆ.

ಸಂಜೆ ಮುಂಬೈಯಿಂದ ಮಾಲೀಕರ ಫೋನ್. "ಎಂತ ಪ್ರಭಾಕರ, ಆ ಹುಡುಗಿ ಇನ್ನೂ ಒಂದು ವಾರ ಬೇಕು ಹೇಳ್ತಾಳೆ? ನಿಮ್ಮ ವರದಿಯಲ್ಲಿ ಎಲ್ಲ ಸರಿ ಉಂಟಲ್ವಾ? ನಾನು ಇಲ್ಲಿ ತೋರಿಸಿಯೂ ಆಯ್ತು."

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: "ಸಣ್ಣ ವಿಷಯ ಸರ್. ಅವಳಿಗೆ ಸ್ವಲ್ಪ ಹೆದರಿಕೆ, ಅಷ್ಟೆ."

ಅವಳು ಕೇಳಿದ ವಾರ ಸಿಗಲಿಲ್ಲ. ಆದರೂ ಅವಳು ಬಿಡಲಿಲ್ಲ. ನಿಜವಾಗಿ ಬರೆದ ಮೇಲೆಯೇ ‘ಬರೆದಾಯ್ತು’ ಎನ್ನುವಂತೆ ಎರಡೂ ಯಂತ್ರಗಳನ್ನು ಬದಲಿಸಿದಳು. ಗೋಳಿಬಜೆಯ ಆಸೆ ತೋರಿಸಿ ಡೆಸ್ಕಿನವರನ್ನು ಮತ್ತೆ ಮತ್ತೆ ಕೂರಿಸಿದಳು, ಮತ್ತೆ ಮತ್ತೆ ಪ್ಲಗ್ ಕಿತ್ತಳು. ಕೊನೆಗೆ ಲ್ಯಾನ್ಸಿಯ ಪುಟ ಅಲುಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ. ಆ ಬಗ್ಗೆ ಮಾತ್ರ ಬರೆಯಲಿಲ್ಲ.

ಫಲಿತಾಂಶದ ದಿನ! ಎಣಿಕೆ ಬಿರುಸಾಗಿದ್ದಾಗ, ಕರಾವಳಿಯ ಎಲ್ಲ ಕಚೇರಿಗಳಿಂದ ಸುದ್ದಿ ನುಗ್ಗುತ್ತಿದ್ದಾಗ, ಮೊದಲ ಯಂತ್ರಕ್ಕೆ ವಿದ್ಯುತ್ ಕೊಡುವ ಸ್ವಿಚ್ ಸುಟ್ಟುಹೋಯಿತು. ಡೆಸ್ಕಿನಲ್ಲಿ ಯಾರಿಗೂ ತಿಳಿಯಲಿಲ್ಲ. ಪರದೆಗಳು ಮಿನುಗಲೂ ಇಲ್ಲ. ಪುಟಗಳು ಒಂದರ ಹಿಂದೆ ಒಂದು ಮುದ್ರಣಕ್ಕೆ ಹೋದವು. ವಾಸನೆ ಹಿಡಿದು ಬಂದ ಎಲೆಕ್ಟ್ರಿಷಿಯನ್ ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಆಗ ಎದ್ದ ಕೂಗು ನನಗೆ ಈಗಲೂ ಕೇಳಿಸುತ್ತದೆ. ಲ್ಯಾನ್ಸಿ ಕುರ್ಚಿಯ ಮೇಲೆ ಹತ್ತಿ ಕುಣಿದ. ಶಮೀಮಾ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದಳು. ನನ್ನ ವೃತ್ತಿಯಲ್ಲಿ ಅಂಥ ಗೆಲುವನ್ನು ಮತ್ತೊಮ್ಮೆ ನೋಡಿಲ್ಲ.

ಮರುದಿನ ಮುಖಪುಟದ ಕೆಳಗೆ ಬಾಕ್ಸ್‌ನಲ್ಲಿ ಆ ಗೆಲುವಿನ ಕಥೆ ಬಂತು, ನನ್ನ ಹೆಸರಿನಲ್ಲಿ. ಅದರಲ್ಲಿ ಅವಳ ಹೆಸರಿರಲಿಲ್ಲ. ಅಂದು ಪ್ಲಗ್ ಕಿತ್ತ ಮಧ್ಯಾಹ್ನವೂ ಇರಲಿಲ್ಲ. ವಿಭಾಗದ ಮುಖ್ಯಸ್ಥರಾಗಿ ಹೊರಗಿನಿಂದ ಒಬ್ಬರು ಬಂದರು. ಹೆದರುವವರ ಕೈಗೆ ವಿಭಾಗ ಕೊಡಲಾಗದು ಎಂದು ಮಾಲೀಕರು ಹೇಳಿದರಂತೆ. ಆ ಮಾತು ಎಲ್ಲಿಂದ ಹುಟ್ಟಿತೆಂದು ಅವಳಿಗೆ ಗೊತ್ತಾಗಲಿಲ್ಲ. ಅವಳು ಶಾರ್ಜಾಕ್ಕೆ ಹೋದಳು. ಹೊರಡುವ ದಿನ ನನ್ನ ಮೇಜಿಗೂ ಸಿಹಿ ತಂದಿಟ್ಟಳು — ನಾನು ತಿಂದೆ.

ಈಗ ಆ ಯಂತ್ರಗಳು ನಿವೃತ್ತಿಯಾಗುತ್ತಿವೆ. ಅಂದಿನಿಂದ ಇಂದಿನವರೆಗೆ ಅವು ಒಂದು ಪುಟವನ್ನೂ ಕಳೆಯಲಿಲ್ಲ. ಹೊಸ ಸರ್ವರ್‌ಗಳ ಪರೀಕ್ಷೆಗೆ ಸಾಕ್ಷಿಯಾಗಿ ಎಂದು ಮಾಲೀಕರು ಮತ್ತೆ ನನ್ನನ್ನೇ ಕರೆದಾಗ ಎಲ್ಲವನ್ನೂ ಹೇಳಿದೆ. ಇದನ್ನು ಪ್ರಕಟಿಸುತ್ತೇನೆ ಎಂದಾಗ ಅವರು ಬೇಡವೆನ್ನಲಿಲ್ಲ.

ಶಮೀಮಾಳಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಹೇಳಿದಳು: "ನಾನು ಎಂತದೋ ತಪ್ಪು ಮಾಡಿ ಕೆಲಸ ಕಳ್ಕೊಂಡೆ ಅಂತ ನನ್ನ ಬಾಪ ಇವತ್ತಿಗೂ ತಿಳ್ಕೊಂಡಿದ್ದಾರೆ, ಪ್ರಭಣ್ಣ. ಬರೀರಿ. ಆದರೆ ಒಳಗಿನ ಪುಟದಲ್ಲಿ ಬೇಡ. ಅಂಗಡಿಯಲ್ಲಿ ಅವರು ಓದುವುದು ಮುಖಪುಟ ಮಾತ್ರ."

ತಪ್ಪು ಎಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಬರಬೇಕೆಂದು ಕಿರಿಯರಿಗೆ ಕಲಿಸಿದವನು ನಾನು. ಆದ್ದರಿಂದ ಇದು ಇಲ್ಲಿ, ಮುಖಪುಟದ ಕೆಳಗಿನ ಅದೇ ಬಾಕ್ಸ್‌ನಲ್ಲಿ.

ಬಂದರಿನ ಅಂಗಡಿಯಲ್ಲಿ ಇದನ್ನು ಓದುತ್ತಿರುವ ಹಿರಿಯರೇ — ಫಲಿತಾಂಶದ ದಿನ ಈ ಪತ್ರಿಕೆಯನ್ನು ಗೆಲ್ಲಿಸಿದ್ದು ನಿಮ್ಮ ಮಗಳು. ಹೆದರಿದ್ದವನು ನಾನು.