ಹುನಗುಂದದ ಬಸ್ ಪಾಸು, ಬಾದಾಮಿಯ ನಲವತ್ತೈದು ದಿನ

೧೯೭೯ನೆಯ ಇಸವಿ ಜೂನ್ ೧೦, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಮಾವ ಅಕ್ಕನ ಎಡಗೆನ್ನೆಗೆ ಹೊಡೆದ. ಆ ಏಟು ನನಗೆ ಬೀಳಬೇಕಾಗಿದ್ದದ್ದು.

ಮಾವನೆಂದರೆ ಅಕ್ಕನ ಗಂಡ, ಬಾದಾಮಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ನನಗಾಗ ಹದಿನಾರು. ಡಾಕ್ಟರನಾಗಬೇಕೆಂದು ಪಿಯುಸಿ ವಿಜ್ಞಾನಕ್ಕೆ ಸೇರುವವನಿದ್ದೆ. ಬಾಗಲಕೋಟೆಯ ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅಲ್ಲಿ ಓದಿದವನು ಅರ್ಧ ಡಾಕ್ಟರನಾದಂತೆಯೇ ಎಂದು ಜನ ಮಾತಾಡುತ್ತಿದ್ದರು. ಆದರೆ ಹಾಸ್ಟೆಲ್ಲಿನಲ್ಲಿರಬೇಕು. ಹುನಗುಂದದ ಚಿಕ್ಕ ಕಾಲೇಜಿಗಾದರೆ ಬಸ್ ಪಾಸು ಮಾಡಿಸಿ ದಿನಾ ಹೋಗಿ ಬರಬಹುದು, ಬುತ್ತಿ ಮನೆಯದೇ. ಅಪ್ಪನಿಗಿದ್ದದ್ದು ಎರಡು ಮಗ್ಗ. ಹಾಸ್ಟೆಲ್ಲೆಂದರೆ ಒಂದನ್ನು ಮಾರಬೇಕು, ಇಲ್ಲವೇ ಮಾವನ ಮುಂದೆ ಕೈಯೊಡ್ಡಬೇಕು. ಮಾವ ಕೊಡಲು ತಯಾರಿದ್ದ, ಕೊಟ್ಟದ್ದನ್ನು ಊರಿಗೆಲ್ಲ ಹೇಳಲೂ ತಯಾರಿದ್ದ.

ಹೈಸ್ಕೂಲಿನ ಮಾಸ್ತರರನ್ನು ಕೇಳಿದೆ. "ತಮ್ಮಾ, ಮಾರ್ಕ್ಸ್ ಕಾರ್ಡಿನ್ಯಾಗ ಕಟ್ಟಡದ ಫೋಟೋ ಇರೂದಿಲ್ಲ" ಎಂದರು. ಜೂನ್ ೮ರಂದು ಹುನಗುಂದದಲ್ಲಿ ಹೆಸರು ಹಚ್ಚಿ ಬಂದೆ.

ಅಷ್ಟರಲ್ಲಿ ಮಾವ ಒಂದು ತಪ್ಪು ಮಾಡಿಬಿಟ್ಟಿದ್ದ. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ಅಮೀನಗಡದಲ್ಲಿ ಬಸ್ಸಿಳಿದು ಕರದಂಟು ಕಟ್ಟಿಸಿಕೊಂಡು ಹೋಗಿ, ಹೆಂಡತಿಯ ತಮ್ಮ ಬಾಗಲಕೋಟೆ ಕಾಲೇಜು ಸೇರಿದನೆಂದು ತನ್ನ ಓಣಿಯ ಇಪ್ಪತ್ತೆರಡು ಮನೆಗಳಿಗೆ ಹಂಚಿದ್ದ. ಎಲ್ಲರ ಬಾಯಿ ಸಿಹಿಯಾಗಿ ಹೋಗಿತ್ತು.

ಆ ಭಾನುವಾರ ಅಕ್ಕನ ಜೊತೆ ಬಂದಿದ್ದ ಅವನಿಗೆ ವಿಷಯ ತಿಳಿಸಿದೆ. "ಹುನಗುಂದ?" ಎಂದು ಮಾವ ನಕ್ಕ. "ಅದು ಕಾಲೇಜೇನಲೇ? ದನದ ದವಾಖಾನಿನೂ ಅದಕ್ಕಿಂತ ದೊಡ್ಡದಿರತೈತಿ."

"ಎರಡೂ ಕಡೆ ಪುಸ್ತಕ ಅವೇ ಅದಾವ್ರಿ, ಮಾವಾ."

"ಓಣ್ಯಾಗ ನಾ ಹ್ಯಾಂಗ ಮಾರಿ ತೋರಿಸ್ಲಿ?"

ಅಕ್ಕ ನಡುವೆ ಬಾಯಿ ಹಾಕಿದಳು. "ಕರದಂಟ ಹಂಚ್ರಿ ಅಂತ ಅಂವಾ ಹೇಳಿದ್ನೇನ್ರಿ?"

ಆಗ ಬಿತ್ತು ಮೊದಲ ಏಟು. ಅಪ್ಪ ಮಗ್ಗದ ಕುಣಿಯಿಂದ ಎದ್ದು ಬರುವಷ್ಟರಲ್ಲಿ ಇನ್ನೆರಡು.

"ಅಳಿಯಾರ, ನನ್ನ ಮನ್ಯಾಗ ಇದು ನಡ್ಯಾಂಗಿಲ್ಲ" ಎಂದ ಅಪ್ಪ.

"ಆತು ಬಿಡ್ರಿ. ನಮ್ಮ ಮನ್ಯಾಗ ನಡೀತೈತಿ."

ಮಧ್ಯಾಹ್ನದ ಬಸ್ಸಿಗೆ ಅಕ್ಕನನ್ನು ಕರೆದುಕೊಂಡು ಹೋದ. ನಾವು ಕಳಿಸಿದೆವು. ಸಂಜೆ ನಾನು ದಿನಚರಿಯ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ದಿನಾಂಕ, ಜಾಗ, ಯಾವುದರಿಂದ, ಎಷ್ಟು. ಮೊದಲ ಸಾಲು: ಜೂನ್ ೧೦, ಇಳಕಲ್ಲು, ಅಂಗೈ, ಮೂರು.

ಕಾಲೇಜು ಶುರುವಾಯಿತು. ಹದಿನಾಲ್ಕು ಹುಡುಗರಿಗೆ ಒಂದು ಸೂಕ್ಷ್ಮದರ್ಶಕ, ನಾಲ್ವರಿಗೆ ಒಂದು ಕಪ್ಪೆ. ನನ್ನ ಪಾಳಿ ಬಂದಾಗ ಕಪ್ಪೆಯ ಎದೆ ಇನ್ನೂ ಬಡಿಯುತ್ತಿತ್ತು. ಆ ಒಂದೂವರೆ ತಿಂಗಳಲ್ಲಿ ಅಕ್ಕನಿಂದ ಎರಡು ಕಾರ್ಡು ಬಂದವು. ಎರಡರಲ್ಲೂ ಕ್ಷೇಮವೆಂದು ಬರೆದಿತ್ತು. ಎರಡೂ ಮಾವನ ಅಕ್ಷರ.

ಜುಲೈ ೨೬, ಗುರುವಾರ, ಪಂಚಮಿಗೆ ಅಕ್ಕನನ್ನು ಕರೆಯಲು ಬಾದಾಮಿಗೆ ಹೋದೆ. ಪಂಚಮಿಗೆ ತವರಿನ ಗಂಡುಮಗ ಬಂದು ಕರೆದರೆ ಕಳಿಸುವುದಿಲ್ಲ ಎನ್ನುವ ಮನೆ ನಮ್ಮ ಕಡೆ ಇಲ್ಲ. ಹೊಡೆಯುವ ಮನೆಯೂ ಕಳಿಸುತ್ತದೆ. ಮಾವ ಹೊಸ್ತಿಲಲ್ಲಿ ನಿಂತು ಕೈ ಚಾಚಿದ.

"ಬಾಗಲಕೋಟಿ ಕಾಲೇಜಿನ ಫೀ ಪಾವತಿ ತಂದಿಯೇನು?"

"ಪಂಚಮಿಗೆ ಕರ್ಯಾಕ ಬಂದೇನ್ರಿ."

"ಅಲ್ಲಿ ಹೆಸರು ಹಚ್ಚಿ ಪಾವತಿ ತಾ. ಆಮ್ಯಾಲೆ ಅಕ್ಕನ್ನ ಒಯ್ಯಿ."

ನನ್ನ ಅಂಗಿಯ ಕಿಸೆಯಿಂದ ಬಸ್ ಪಾಸು ಕಿತ್ತು, ಹರಿದು, ಚರಂಡಿಗೆ ಎಸೆದ. ಅವನನ್ನು ನೂಕಿಕೊಂಡು ಒಳಗೆ ಹೋದೆ. ಅಕ್ಕ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಎಡಗಡೆಯಿಂದ ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಅವಳ ಎಡಗಿವಿಯ ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು.

"ಏ ಕಿವುಡಿ, ನಿನ್ನ ಡಾಕ್ಟರ್ ಬಂದಾನ ನೋಡು" ಎಂದು ಮಾವ ಹಿಂದಿನಿಂದ ಬಂದು ಅವಳ ತುರುಬು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಎರಡು ಸಲ.

ಬೀಸುವ ಕಲ್ಲಿನ ಗೂಟ ಯಾವಾಗ ನನ್ನ ಕೈಗೆ ಬಂತೋ ತಿಳಿಯದು. ಒಂದನೆಯದು ಅವನ ಮುಂಗೈಗೆ. ಎಲುಬು ಮುರಿದ ಸಪ್ಪಳ ಕೇಳಿಸಿತು. ಎರಡನೆಯದು ಬಾಯಿಗೆ. ಹಲ್ಲು, ರಕ್ತ, ಜೋಳದ ಹಿಟ್ಟು ಒಂದಾದವು. ಮೂರನೆಯದಕ್ಕೆ ಎತ್ತಿದ ಕೈಯನ್ನು ಅಕ್ಕ ಹಿಡಿದಳು.

"ಸಾಕು. ನಡಿ, ಬಸ್ ತಪ್ಪತೈತಿ."

ಓಣಿಯ ಬಾಗಿಲುಗಳಲ್ಲೆಲ್ಲ ಜನ ನಿಂತಿದ್ದರು. ಯಾರೂ ತಡೆಯಲಿಲ್ಲ, ಏನೆಂದು ಕೇಳಲೂ ಇಲ್ಲ.

ಅಕ್ಕ ಮತ್ತೆ ಅಲ್ಲಿಗೆ ಹೋಗಲಿಲ್ಲ. ಪೊಲೀಸರು ಬರುತ್ತಾರೆಂದು ಎಂಟು ದಿನ ಕಾದೆ, ಬರಲಿಲ್ಲ. ಹುನಗುಂದ ಕಾಲೇಜಿನ ಹುಡುಗ ಕೈ ಮುರಿದನೆಂದು ಹೇಳಿಕೊಳ್ಳಲಾರದೆ ಮಾವ ಮೆಟ್ಟಿಲಿಂದ ಬಿದ್ದೆನೆಂದು ಹೇಳಿದನಂತೆ. ನನ್ನ ಎರಡು ಏಟನ್ನೂ ಅದೇ ಹಾಳೆಯಲ್ಲಿ ಬರೆದಿದ್ದೇನೆ. ಬೇರೆ ಹಾಳೆಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ಒಮ್ಮೆ ಅಕ್ಕನನ್ನು ಕೇಳಿದೆ, ನಾನು ಬಾಗಲಕೋಟೆಗೇ ಹೋಗಿದ್ದರೆ?

"ಹೋಗಿದ್ರ ಮತ್ತೊಂದಕ್ಕ ಹೊಡೀತಿದ್ದ. ನೀ ಓದ್ಕೋ ಹೋಗು."

ಓದಿದೆ. ಹುನಗುಂದದ ಮಾರ್ಕುಗಳ ಮೇಲೆಯೇ ವೈದ್ಯಕೀಯ ಸೀಟು ಸಿಕ್ಕಿತು. ಈಗ ೧೯೮೫, ಕೊನೆಯ ವರ್ಷದಲ್ಲಿದ್ದೇನೆ. ಕಳೆದ ತಿಂಗಳು ಅಕ್ಕನನ್ನು ಕಿವಿಯ ಡಾಕ್ಟರರಿಗೆ ತೋರಿಸಿದೆ. ಎಡಗಿವಿಯ ಪರದೆ ಹರಿದಿದೆ, ಒಳಗೂ ಪೆಟ್ಟಾಗಿದೆಯೆಂದು ಸಂಶಯ. ಏಟು ಯಾವಾಗ ಬಿತ್ತು, ಯಾವುದರಿಂದ, ಆಮೇಲೆ ಕೀವು ಬಂತೇ, ತಲೆ ತಿರುಗಿತೇ ಎಂದು ಕೇಳಿದರು. ಶಸ್ತ್ರಕ್ರಿಯೆ ಮಾಡಬೇಕೋ ಬೇಡವೋ ಎನ್ನುವುದಕ್ಕೆ ಅದು ಗೊತ್ತಿರಬೇಕು. ಅಕ್ಕ ನೆಲ ನೋಡುತ್ತ "ನೆನಪಿಲ್ರಿ" ಎಂದಳು. ನೆನಪಿದೆ ಎಂದು ನನಗೆ ಗೊತ್ತು. ಹೇಳುವುದಿಲ್ಲ ಎಂದೂ ಗೊತ್ತು.

ಜೂನ್ ೧೧ರಿಂದ ಜುಲೈ ೨೫ರವರೆಗೆ ನಲವತ್ತೈದು ದಿನ ನನ್ನ ಹಾಳೆಯಲ್ಲಿ ಖಾಲಿ ಇವೆ. ಆಗ ಬಾದಾಮಿಯ ಆ ಓಣಿಯಲ್ಲಿದ್ದವರು, ಗೋಡೆಯಾಚೆಯಿಂದ ಕೇಳಿದವರು, ಅವಳ ಕಿವಿಗೆ ಎಣ್ಣೆ ಬಿಟ್ಟವರು, ಯಾರಾದರೂ ಸರಿ, ಗೊತ್ತಿದ್ದಷ್ಟನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಿಮ್ಮ ಹೆಸರು ಬೇಡ. ಅಂದು ಯಾಕೆ ಬರಲಿಲ್ಲವೆಂದು ನಾನು ಕೇಳುವುದಿಲ್ಲ. ಯಾವ ದಿನ, ಯಾವುದರಿಂದ ಎಂದು ತಿಳಿದರೆ ಸಾಕು. ದಿನ ಸರಿಯಾಗಿ ನೆನಪಿಲ್ಲದಿದ್ದರೆ, ಹುಣ್ಣಿಮೆಯ ಮುಂಚೆಯೋ ಆಮೇಲೋ ಎಂದಾದರೂ ಬರೆಯಿರಿ.